ಚಂದ್ರಾಮ ಹಿಡಿದ ಹಗ್ಗ

ಚಂದ್ರಾಮನಿಗೆ ಈಜು ಬರುವುದಿಲ್ಲ. ಇಷ್ಟು ವರ್ಷ ಸಮುದ್ರದ ಅಂಚಿನಲ್ಲೇ ದುಡಿದರೂ ಮೊಣಕಾಲಿನಿಂದ ಮೇಲೆ ನೀರು ತಾಗಿಸಿಕೊಂಡವನಲ್ಲ. ವಿಜಯಪುರ ಜಿಲ್ಲೆಯ ಇಂಡಿ ಕಡೆಯವನು. ಮುಂಬಯಿಗೆ ಬಂದ ಹೊಸದರಲ್ಲಿ ಏಳುತ್ತಿರುವ ಬಿಲ್ಡಿಂಗುಗಳ ಮೇಲೆ ನಿಂತು ಹಗ್ಗದಲ್ಲಿ ಬಕೆಟ್ಟು, ಕಬ್ಬಿಣ ಎಳೆಯುತ್ತಿದ್ದ. ಅಲ್ಲಿ ಅವನ ಕೈ ನೋಡಿದವನು ಗುರುಪಾದ. ಗುರುಪಾದ ಕೃಷ್ಣಾ ದಂಡೆಯ ಅಂಬಿಗರ ಮನೆಯವನು. ಹಡಗು, ಹಡಗು ನಿಲ್ಲಿಸುವ ಗೋದಿ, ಪೈಪುಗಳ ಕೆಲಸಕ್ಕೆ ನೀರಿನೊಳಗೆ ಇಳಿಯುವ ಡೈವರ್ ಆಗಿದ್ದ. ಡೈವರನ ಸೊಂಟಕ್ಕೆ ಕಟ್ಟಿದ ಹಗ್ಗದ ಮೇಲಿನ ತುದಿಯನ್ನು ಹಿಡಿದು ನಿಲ್ಲಲು ಒಬ್ಬ ನಂಬಿಕೆಯ ಮನುಷ್ಯ ಬೇಕಿತ್ತು. "ನಿನಗ ಈಜು ಬರಬೇಕಂತೇನಿಲ್ಲ. ಹಗ್ಗ ಕೇಳಾಕ ಬರಬೇಕು," ಎಂದು ಹೇಳಿ ಕರೆದುಕೊಂಡು ಹೋಗಿದ್ದನಂತೆ.

ಹಗ್ಗ ಕೇಳುವುದು ಎಂದರೆ ಸನ್ನೆ ತಿಳಿಯುವುದು. ಮೇಲಿನವನು ಒಮ್ಮೆ ಜಗ್ಗಿದರೆ 'ಆರಾಮ ಇದ್ದೀಯಾ' ಎಂದು ಕೇಳಿದಂತೆ. ಕೆಳಗಿನವನು ಒಮ್ಮೆ ಜಗ್ಗಿದರೆ 'ಆರಾಮ ಇದ್ದೇನೆ' ಎಂದಂತೆ. ಸಡಿಲ ಬಿಡು, ಮೇಲೆಳೆ ಎನ್ನುವುದಕ್ಕೆಲ್ಲ ಬೇರೆ ಬೇರೆ ಜಗ್ಗುಗಳು. ಹೆಲ್ಮೆಟ್ಟಿನಲ್ಲಿ ಫೋನು ಇರುತ್ತಿತ್ತು, ಆದರೂ ಗುರುಪಾದನಿಗೆ ಫೋನಿಗಿಂತ ಹಗ್ಗದ ಮೇಲೆ ಹೆಚ್ಚು ಭರವಸೆ. ಕೆಸರು ನೀರಿನಲ್ಲಿ ತನ್ನ ಕೈಯೇ ತನಗೆ ಕಾಣದ ಜಾಗಗಳಲ್ಲಿ, ಸೊಂಟದ ಹತ್ತಿರ ಒಂದು ಸಣ್ಣ ಜಗ್ಗು ಬಂದರೆ ಯಾರೋ ಭುಜ ಮುಟ್ಟಿದ ಹಾಗೆ ಆಗುತ್ತದೆ ಎನ್ನುತ್ತಿದ್ದ.

ನಾನು ಅವರಿಬ್ಬರನ್ನೂ ಬಲ್ಲೆ. ವಿಕ್ರೋಳಿಯ ಮುನ್ಸಿಪಾಲಿಟಿ ಕನ್ನಡ ಶಾಲೆಯಲ್ಲಿ ನಾನು ವಿಜ್ಞಾನದ ಟೀಚರ್ ಆಗಿದ್ದೆ. ಚಂದ್ರಾಮನ ಮಗಳು ನನ್ನ ತರಗತಿಯಲ್ಲಿದ್ದಳು. ನಾನು ಉಡುಪಿ ಕಡೆಯವಳು; ಅವನ ಮಾತು ನನಗೆ, ನನ್ನ ಮಾತು ಅವನಿಗೆ ಪೂರ್ತಿ ತಿಳಿಯಲು ಕೆಲವು ವರ್ಷ ಬೇಕಾಯಿತು. ಶೀಲಾವತಿ ಎಂಬ ನನ್ನ ಹೆಸರು ಅವನ ಬಾಯಿಯಲ್ಲಿ ಒಮ್ಮೆಯೂ ಬಂದಿಲ್ಲ, ಅವರ ಕಡೆ ಟೀಚರನ್ನು ಕರೆಯುವಂತೆ ಯಾವಾಗಲೂ 'ಅಕ್ಕೋರ'. ಗುಡ್ಡದ ಮೇಲಿನ ಚಾಳಿನಲ್ಲಿ ಅವನೂ ಗುರುಪಾದನೂ ಎದುರುಬದುರು ಖೋಲಿಗಳಲ್ಲಿದ್ದರು. ಚಂದ್ರಾಮನ ಹೆಂಡತಿ ದಾನೇಶ್ವರಿ ಮತ್ತು ಗುರುಪಾದನ ಹೆಂಡತಿ ಶಿವಕುಮಾರಿ ಒಂದೇ ಕಂಪನಿಯ ಕ್ಯಾಂಟೀನಿನಲ್ಲಿ ಚಪಾತಿ ಲಟ್ಟಿಸುತ್ತಿದ್ದರು.

ಆ ದಿನದ ಸಂಗತಿ ನಡೆದದ್ದು ಲಾಕ್‌ಡೌನ್ ಮುಗಿದು ಕೆಲಸಗಳು ಮತ್ತೆ ಶುರುವಾದ ವರ್ಷ, ಒಂದು ಅಮಾವಾಸ್ಯೆಯಂದು, ನಗರದ ಪೂರ್ವ ದಂಡೆಯ ಒಂದು ಹಡಗು ದುರಸ್ತಿಯ ಗೋದಿಯಲ್ಲಿ. ಅದರ ಹೆಸರು ಬೇಡ. ಅಂಥ ಗೋದಿ ಎಂದರೆ ನೆಲದಲ್ಲಿ ತೋಡಿ ಕಟ್ಟಿದ ಭಾರಿ ತೊಟ್ಟಿ. ಸಮುದ್ರದ ಕಡೆಗೆ ಕಬ್ಬಿಣದ ಗೇಟು. ಹಡಗನ್ನು ಒಳಗೆ ತಂದು, ಗೇಟು ಮುಚ್ಚಿ, ಒಳಗಿನ ನೀರನ್ನು ಪಂಪಿನಿಂದ ಹೊರಗೆ ಹಾಕುತ್ತಾರೆ. ಆಮೇಲೆ ಗೇಟಿನ ಈ ಕಡೆ ಜನ ಚಪ್ಪಲಿ ಮೆಟ್ಟಿಕೊಂಡು ಓಡಾಡುತ್ತಿರುತ್ತಾರೆ, ಆ ಕಡೆ ಅವರ ತಲೆಗಿಂತ ಎಷ್ಟೋ ಎತ್ತರಕ್ಕೆ ಸಮುದ್ರ ನಿಂತಿರುತ್ತದೆ.

ಗೇಟಿನ ಬುಡದಲ್ಲಿ ನೀರು ಜಿನುಗುತ್ತಿತ್ತು. ಹೊರಗಿನಿಂದ ಇಳಿದು ಅದನ್ನು ಮುಚ್ಚಬೇಕಿತ್ತು. ಇಂಥ ಕೆಲಸವನ್ನು ಬೆಳಿಗ್ಗೆ ಇಳಿತದ ಹೊತ್ತಿಗೆ, ನೀರು ಕಡಿಮೆ ಇರುವಾಗ ಮಾಡಿ ಮುಗಿಸುತ್ತಾರೆ. ಅಂದು ಡೈವರನಿಗೆ ಗಾಳಿ ಕಳಿಸುವ ಯಂತ್ರ ಕೈಕೊಟ್ಟು ತಡವಾಯಿತು. ಇನ್ನೊಬ್ಬ ಡೈವರ್ ದಂಡೆಯಲ್ಲಿ ತಯಾರಾಗಿ ಕೂತಿರಬೇಕೆಂಬ ನಿಯಮವಿದೆ, ಅವನೂ ಇರಲಿಲ್ಲ. ಗುತ್ತಿಗೆದಾರನ ಕಡೆಯ ಸೂಪರ್‌ವೈಸರ್ ಈಶ್ವರ ಆಳ ತೋರಿಸುವ ಗೇಜಿನ ಮುಂದೆ ಕೂತ. ಚಂದ್ರಾಮ ಹಗ್ಗ ಹಿಡಿದ. ಗುರುಪಾದ ಇಳಿದ.

ಜಿನುಗುವ ಜಾಗದ ಪಕ್ಕದಲ್ಲೇ ಹಿಂದೆಂದೋ ಒಂದು ಪೈಪು ಹಾದುಹೋಗಿದ್ದ ತೂತು ಇತ್ತು. ಅದನ್ನು ಮುಚ್ಚಿದ್ದ ತಗಡು ತುಕ್ಕು ಹಿಡಿದಿರುವುದು ಯಾರಿಗೂ ತಿಳಿದಿರಲಿಲ್ಲ. ಗುರುಪಾದ ಅದರ ಮೇಲೆ ಕಾಲು ಊರಿದ. ತಗಡು ಒಡೆಯಿತು. ಒಳಗೆ ಕೆಲಸ ಮಾಡುತ್ತಿದ್ದವರು ನೋಡಿದ್ದು ಇಷ್ಟೇ: ನೀರು ಭುಸ್ಸೆಂದು ನುಗ್ಗಿತು, ತಕ್ಷಣ ನಿಂತಿತು. ಜಿನುಗುತ್ತಿದ್ದದ್ದೂ ಕಡಿಮೆಯಾಯಿತು. "ಬಂದ್ ಹೋ ಗಯಾ," ಎಂದು ಅವರಲ್ಲೊಬ್ಬ ಮೇಲಕ್ಕೆ ಕೂಗಿ ಹೇಳಿದ. ಕೆಲಸ ಮುಗಿಯಿತು ಎಂದುಕೊಂಡಿದ್ದ ಅವನು; ತೂತಿಗೆ ಬಿರಡೆಯಾದದ್ದು ಗುರುಪಾದನ ಕಾಲು.

ಮೇಲೆ ಈಶ್ವರನ ಫೋನಿನಲ್ಲಿ ಕೇಳಿಸಿದ್ದು "ಕಾಲು" ಎಂಬ ಒಂದೇ ಮಾತು. ಆಮೇಲೆ ಫೋನಿನ ತಂತಿ ಎಲ್ಲೋ ಸಿಕ್ಕಿ ಕಡಿಯಿತು.

ಚಂದ್ರಾಮ ಒಮ್ಮೆ ಜಗ್ಗಿದ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಅಂಗೈಗೆ ಒಂದು ಜಗ್ಗು ಬಂತು. ಆರಾಮ ಇದ್ದೇನೆ.

ಜನ ಸೇರಿ ಹಗ್ಗ ಎಳೆದರು. ಹಗ್ಗ ಕಬ್ಬಿಣದ ಸರಳಿನಂತೆ ಬಿಗಿಯಿತೇ ಹೊರತು ಒಂದು ಬೆರಳಿನಷ್ಟೂ ಮೇಲೆ ಬರಲಿಲ್ಲ. ಇನ್ನೂ ಎಳೆದರೆ ಮನುಷ್ಯ ಉಳಿಯುವುದಿಲ್ಲವೆಂದು ಈಶ್ವರ ನಿಲ್ಲಿಸಿದ. ಬಿಡಿಸುವ ದಾರಿ ಒಂದೇ ಇತ್ತು. ಗೋದಿಯೊಳಕ್ಕೆ ನೀರು ಬಿಡಬೇಕು, ಗೇಟಿನ ಎರಡೂ ಕಡೆ ನೀರು ಸಮನಾಗಬೇಕು. ಒಳಗೆ ಹಡಗಿನ ಹೊಟ್ಟೆಯ ತಗಡು ಕತ್ತರಿಸಿ ತೆಗೆದಿದ್ದರು, ಎಷ್ಟೋ ಜನ ಕೆಳಗೆ ಕೆಲಸದಲ್ಲಿದ್ದರು. ಗೋದಿಯ ಅಧಿಕಾರಿ ಓಡುತ್ತ ಬಂದು ಚಂದ್ರಾಮನ ಮುಂದೆ ಬಗ್ಗಿ ಕೇಳಿದ, "ಜಿಂದಾ ಹೈ?"

"ಜವಾಬ್ ದೇ ರಹಾ ಹೈ, ಸಾಬ್," ಎಂದ ಚಂದ್ರಾಮ.

ಅಧಿಕಾರಿ ಅದನ್ನು ನಂಬಿದ. ಮನುಷ್ಯ ಬದುಕಿದ್ದಾನೆ, ಗಾಳಿ ಹೋಗುತ್ತಿದೆ, ಹಾಗಾದರೆ ಸ್ವಲ್ಪ ಸಮಯ ಇದೆ ಎಂದು ಲೆಕ್ಕ ಹಾಕಿ, ಮೊದಲು ಜನರನ್ನು ಮೇಲೆ ಹತ್ತಿಸಿ, ಹಡಗಿನ ತೂತಿಗೆ ತಗಡು ಬಡಿಸಿ, ಆಮೇಲೆ ನೀರು ಬಿಡಿಸಿದ. ಅಷ್ಟು ಹೊತ್ತೂ ಚಂದ್ರಾಮ ಕೇಳುತ್ತಿದ್ದ, ಹಗ್ಗ ಹೇಳುತ್ತಿತ್ತು.

ಡೈವರನ ಎದೆಯ ಹತ್ತಿರ ಬಾಯಿ ತೆರೆದ ಒಂದು ಸಣ್ಣ ನಳಿ ಕಟ್ಟಿರುತ್ತಾರೆ. ಮೇಲಿನಿಂದ ಅದರೊಳಗೆ ಗಾಳಿ ಊದಿ ನೀರನ್ನು ಹೊರಗೆ ದೂಡಿ ನಿಲ್ಲಿಸಿದರೆ, ನಳಿಯ ಬಾಯಿಯಲ್ಲಿ ನೀರು ಎಷ್ಟು ಒತ್ತುತ್ತಿದೆಯೋ ಅಷ್ಟೇ ಒತ್ತಡ ಒಳಗಿನ ಗಾಳಿಯಲ್ಲಿ ಉಳಿಯುತ್ತದೆ. ಮೇಲಿನ ಗೇಜು ಅದನ್ನು ಮೀಟರಿನ ಲೆಕ್ಕದಲ್ಲಿ ತೋರಿಸುತ್ತದೆ. ಮನುಷ್ಯ ಎಷ್ಟು ಆಳದಲ್ಲಿದ್ದಾನೆಂದು ತಿಳಿಯುವುದು ಹೀಗೆ. ಮಧ್ಯಾಹ್ನ ಹತ್ತಿರವಾಗುತ್ತ ಬಂದ ಹಾಗೆ ಗೇಜಿನ ಮುಳ್ಳು ಆರು ದಾಟಿತು, ಏಳು ದಾಟಿತು, ಎಂಟರ ಕಡೆ ಹೊರಟಿತು. ಚಂದ್ರಾಮ ಹೆದರಿ, "ಅಂವ ತೆಳಗ ಹೊಂಟಾನೇನ್ರಿ?" ಎಂದು ಕೇಳಿದ. ಈಶ್ವರ ಮುಳ್ಳಿನಿಂದ ಕಣ್ಣು ತೆಗೆಯದೆ ಹೇಳಿದ, "ಅಂವ ಅಲ್ಲೇ ಅದಾನ. ಭರತಿ ಏರಾಕತ್ತೈತಿ, ಅವನ ಮ್ಯಾಲಿನ ನೀರು ಹೆಚ್ಚಾಗಾಕತ್ತೈತಿ."

ಹೆಲ್ಮೆಟ್ಟಿನಿಂದ ಗುಳ್ಳೆಗಳು ಮೇಲೆ ಬರುತ್ತಲೇ ಇದ್ದವು. ಆ ತರಹದ ಹೆಲ್ಮೆಟ್ಟಿಗೆ ಮೇಲಿನ ಯಂತ್ರ ಒಂದೇ ಸಮನೆ ಗಾಳಿ ಕಳಿಸುತ್ತದೆ, ಒಳಗಿರುವವನು ಉಸಿರಾಡಲಿ ಬಿಡಲಿ ಗುಳ್ಳೆ ಏಳುತ್ತದೆ. ಚಂದ್ರಾಮನಿಗೆ ಅದು ಗೊತ್ತಿತ್ತು. ಆದ್ದರಿಂದ ಅವನು ಗುಳ್ಳೆಗಳನ್ನು ನೋಡದೆ ಅಂಗೈಯನ್ನೇ ನೋಡುತ್ತ ನಿಂತಿದ್ದ.

ಒಳಗಿನ ನೀರು ಏರಿ ಹೊರಗಿನದಕ್ಕೆ ಸಮನಾದಾಗ ಹಗ್ಗ ಇದ್ದಕ್ಕಿದ್ದಂತೆ ಹಗುರಾಯಿತು. ಬೇರೆ ಕಡೆಯಿಂದ ಕರೆಸಿದ್ದ ಡೈವರ್ ಇಳಿದು ಗುರುಪಾದನನ್ನು ಮೇಲೆ ತಂದ. ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ, ಕಾಲು ಸಿಕ್ಕಿಕೊಂಡ ಸ್ವಲ್ಪ ಹೊತ್ತಿನಲ್ಲೇ ರಕ್ತ ಹೋಗಿ ಜೀವ ಹೋಗಿದೆ ಎಂದರು. ಈಶ್ವರನಿಗೆ ಹೇಳಿದ್ದನ್ನು ಬಾಗಿಲ ಬಳಿ ನಿಂತಿದ್ದ ಚಂದ್ರಾಮ ಕೇಳಿಸಿಕೊಂಡ. ಅವನ ಕೈಗೆ ಕೊನೆಯ ಜಗ್ಗು ಬಂದದ್ದು ನೀರು ಸಮನಾಗುವುದಕ್ಕೆ ತುಸು ಮೊದಲು.

ಡಾಕ್ಟರ ಆ ಮಾತನ್ನು ಅವನು ಯಾರಿಗೂ ಹೇಳಲಿಲ್ಲ. ಶಿವಕುಮಾರಿಯ ಮುಂದೆ ಕೂತು, "ಕಡೀತನಕ ನನಗ ಜವಾಬ ಕೊಟ್ಟಾನವ್ವ, ಆರಾಮ ಅದೀನಿ ಅಂದಾನ," ಎಂದು ಮಾತ್ರ ಹೇಳಿದ. ಅವಳಿಗೆ ಅಷ್ಟೇ ಸಿಕ್ಕಿದ್ದು. ಊರಿನಿಂದ ಬಂದ ಬಳಗಕ್ಕೆ, ಕ್ಯಾಂಟೀನಿನ ಹೆಂಗಸರಿಗೆ, ನನಗೆ, ಎಲ್ಲರಿಗೂ ಅವಳು ಅದನ್ನೇ ಹೇಳಿದಳು. ಹೇಳುವಾಗ ಒಮ್ಮೊಮ್ಮೆ, "ಅಂವ ಯಾವಾಗ ಬ್ಯಾರೆ ಹೇಳ್ಯಾನರಿ? ಜ್ವರ ಬಂದು ನಡಗೂ ಮುಂದನೂ ಆರಾಮ ಅದೀನಿ ಅನ್ನಾಂವ," ಎಂದು ಸೇರಿಸುತ್ತಿದ್ದಳು.

ಚಂದ್ರಾಮ ಹಗ್ಗದ ಕೆಲಸ ಬಿಟ್ಟ. ದಾದರಿನ ಹೂವಿನ ಮಾರುಕಟ್ಟೆಯಲ್ಲಿ ಮೂಟೆ ಇಳಿಸುವ ಕೆಲಸಕ್ಕೆ ಸೇರಿದ. ಮುಂದಿನ ಅಮಾವಾಸ್ಯೆಯಂದು ಕೆಲಸ ಮುಗಿಸಿ ಲೋಕಲ್ ಹಿಡಿದು ಬರುತ್ತಿದ್ದಾಗ, ಮೇಲಿನ ಹಿಡಿಕೆ ಹಿಡಿದಿದ್ದ ಬಲಗೈಯೊಳಗೆ ಏನೋ ಜಗ್ಗಿತು. ಒಂದೇ ಸಲ. ಗಾಡಿ ಕುಲುಕಿರಬೇಕು ಎಂದುಕೊಂಡ. ಆದರೆ ಗಾಡಿ ಸಿಗ್ನಲಿಗಾಗಿ ನಿಂತಿತ್ತು. ಹೊತ್ತು ಮಧ್ಯಾಹ್ನ, ಮುಂಬಯಿಯಲ್ಲಿ ಅಮಾವಾಸ್ಯೆಯ ಉಬ್ಬರ ಏರಿ ನಿಲ್ಲುವ ಹೊತ್ತು.

ಅಲ್ಲಿಂದ ಮುಂದೆ ಪ್ರತಿ ಅಮಾವಾಸ್ಯೆಗೂ ಅದು ಬಂತು. ಅನ್ನದ ತಟ್ಟೆಯ ಮುಂದೆ ಕೂತಾಗ ಬಂತು, ಮೂಟೆ ಹೊತ್ತಾಗ ಬಂತು. ದಾನೇಶ್ವರಿ ಅವನ ಕೈಗೆ ಎಣ್ಣೆ ತಿಕ್ಕಿದಳು, ಯಾರೋ ಹೇಳಿದರೆಂದು ಮಣಿಕಟ್ಟಿಗೆ ಕರಿ ದಾರ ಕಟ್ಟಿದಳು. ಮುನ್ಸಿಪಾಲಿಟಿ ದವಾಖಾನೆಯಲ್ಲಿ ನರದ ಗುಳಿಗೆ ಕೊಟ್ಟರು. ಆ ದಿನಗಳಲ್ಲಿ ಅವನು ಬಲಗೈಗೆ ಟವೆಲ್ ಸುತ್ತಿಕೊಂಡು ಕೂರುತ್ತಿದ್ದುದನ್ನು ಚಾಳಿನ ಜನ ನೋಡಿದ್ದಾರೆ. ಗಾಯ ಎಂದು ಹೇಳುತ್ತಿದ್ದ.

ಹೀಗೆ ವರ್ಷಗಳು ಕಳೆದ ಮೇಲೆ, ನಾನು ನಿವೃತ್ತಳಾದ ಹೊಸದರಲ್ಲಿ, ಒಂದು ಭಾನುವಾರ ಅವನು ನನ್ನ ಮನೆಗೆ ಬಂದ. ಚಹಾ ಮುಗಿಸಿ ಲೋಟ ಕೆಳಗಿಟ್ಟು ಕೇಳಿದ, "ಅಕ್ಕೋರ, ನೀರು ಜಗ್ಗತೈತೇನ್ರಿ?"

"ಇಲ್ಲ ಚಂದ್ರಾಮ. ನೀರು ಎಳೆಯುವುದಿಲ್ಲ, ದೂಡುವುದು," ಎಂದೆ.

ಆಗಲೇ ಅವನು ಮೊದಲಿನಿಂದ ಎಲ್ಲವನ್ನೂ ಹೇಳಿದ್ದು. ಡಾಕ್ಟರ ಮಾತನ್ನೂ ಹೇಳಿದ. ಮಾತು ತೋಚದಾಗ ಪಾಠ ಮಾಡುವುದು ನನಗಿರುವ ಅಭ್ಯಾಸ. ಶಾಲೆಯ ಕೋಣೆ ಖಾಲಿ ಮಾಡಿದಾಗ ಎಸೆಯಲಿದ್ದ ಸಾಮಾನಿನಿಂದ ನಾನು ತಂದಿಟ್ಟುಕೊಂಡಿದ್ದ ಒಂದು ಗಾಜಿನ ಕೊಳವೆ ಇತ್ತು, ಇಂಗ್ಲಿಷಿನ ಯು ಅಕ್ಷರದ ಹಾಗೆ ಬಾಗಿದ್ದು. ಅದಕ್ಕೆ ಕುಂಕುಮ ಕಲಸಿದ ನೀರು ಹಾಕಿ ನಿಲ್ಲಿಸಿದೆ. ಎರಡು ತೋಳಿನಲ್ಲೂ ಕೆಂಪು ನೀರು ಒಂದೇ ಎತ್ತರದಲ್ಲಿ ನಿಂತಿತು. ಒಂದು ತೋಳಿಗೆ ರಬ್ಬರ್ ನಳಿ ಸಿಕ್ಕಿಸಿ, ಅದರ ತುದಿಯನ್ನು ಬಕೆಟ್ಟಿನ ನೀರಿನಲ್ಲಿ ಮೆಲ್ಲಗೆ ಇಳಿಸಿದೆ. ಆಳಕ್ಕೆ ಇಳಿದಷ್ಟೂ ಒಂದು ಕಡೆಯ ಕೆಂಪು ನೀರು ತಗ್ಗಿತು, ಇನ್ನೊಂದು ಕಡೆಯದು ಏರಿತು.

"ಬಕೆಟ್ಟಿನ ನೀರು ಇಲ್ಲಿ ದೂಡುತ್ತಾ ಉಂಟು. ಎಷ್ಟು ಆಳವೋ ಅಷ್ಟು ಹೆಚ್ಚು ದೂಡುವುದು. ಎರಡು ಕಡೆ ಎಷ್ಟು ಹೆಚ್ಚುಕಡಿಮೆ ಆಯಿತು ನೋಡು, ಅದೇ ಅಳತೆ," ಎಂದೆ.

ಅವನು ಗಾಜಿಗೆ ಮುಖ ಹತ್ತಿರ ತಂದು ನೋಡಿದ. "ನೀರಾಗ ಇದ್ದ ಮನಷ್ಯಾಗ ಇದು ಗೊತ್ತಾಗೂದಿಲ್ಲೇನ್ರಿ?"

"ಸುತ್ತಲೂ ಸಮ ದೂಡಿದರೆ ಅಷ್ಟಾಗಿ ಗೊತ್ತಾಗುವುದಿಲ್ಲ. ಅವನ ಒಂದು ಕಡೆ ನೀರಿದ್ದು ಇನ್ನೊಂದು ಕಡೆ ಬರೇ ಗಾಳಿ ಇದ್ದರೆ ಕಷ್ಟ. ಹತ್ತು ಮೀಟರ್ ಆಳದಲ್ಲಿ ಹೆಬ್ಬೆರಳ ಉಗುರಿನಷ್ಟು ಜಾಗದ ಮೇಲೆ ಒಂದು ಕಿಲೋ ಭಾರ ಬೀಳುತ್ತದೆ. ನೀನು ಹೇಳಿದ ಎಂಟು ಮೀಟರಿಗೆ ಸ್ವಲ್ಪ ಕಡಿಮೆ. ತೂತು ಊಟದ ತಟ್ಟೆಯಷ್ಟು ಅಗಲ ಇದ್ದರೆ..." ನಾನು ಮನಸ್ಸಿನಲ್ಲೇ ಗುಣಿಸಿದೆ. "ಐದು ಕ್ವಿಂಟಲ್ ದಾಟಿತು."

"ಐದು ಚೀಲ ಜ್ವಾಳ," ಎಂದ ಅವನು. ಆ ಭಾರ ಅವನ ಬೆನ್ನಿಗೆ ಗೊತ್ತಿತ್ತು. ಆಮೇಲೆ ಮುಂದಿನದನ್ನು ಕೇಳಿದ. ಅವನು ಬಂದದ್ದೇ ಅದಕ್ಕಾಗಿ ಎಂದು ನನಗೆ ಆಗ ಹೊಳೆಯಿತು. "ಅಂವ ಸತ್ತಿದ್ದ ಅಂದ್ರ, ಹಗ್ಗ ಯಾರು ಜಗ್ಗಿದ್ರು?"

ಉಬ್ಬರದ ನೀರು ಹಗ್ಗಕ್ಕೆ ಬಡಿದು ಬಿಡುತ್ತಿರುತ್ತದೆ, ಗಾಳಿಯ ನಳಿ ಅಲುಗಿದರೂ ಹಗ್ಗಕ್ಕೆ ಗೊತ್ತಾಗುತ್ತದೆ, ಇವನು ಜಗ್ಗಿದ್ದೇ ಕೆಳಗೆ ತಾಗಿ ತಿರುಗಿ ಬಂದಿರಬಹುದು ಎಂದೆಲ್ಲ ಹೇಳಿದೆ. "ಸಮುದ್ರವೇ ಇರಬಹುದು ಚಂದ್ರಾಮ. ನಾನು ಅಲ್ಲಿ ಇರಲಿಲ್ಲ, ಖಂಡಿತ ಹೇಳಲಿಕ್ಕೆ ನನಗೆ ಬರುವುದಿಲ್ಲ."

"ಹಂಗಾರ ನಾ ಸಾಬಗ ಸುಳ್ಳು ಹೇಳ್ದಂಗಾತು," ಎಂದ. "ಜವಾಬ ಇಲ್ಲ ಅಂದಿದ್ರ ಲಗೂನ ನೀರು ಬಿಡ್ತಿದ್ರೋ ಏನೋ."

"ಬಿಟ್ಟಿದ್ದರೂ ಅವನು ಅಷ್ಟರಲ್ಲಿ..." ಎಂದು ಶುರುಮಾಡಿ ನಾನು ಮುಗಿಸಲಿಲ್ಲ. ಅವನು ಕೇಳಿಸಿಕೊಳ್ಳುತ್ತಿರಲಿಲ್ಲ. ಬಲಗೈಯನ್ನು ತೊಡೆಯ ಮೇಲೆ ಮೇಲ್ಮುಖ ಮಾಡಿ ಇಟ್ಟುಕೊಂಡು, ಅದು ಬೇರೆ ಯಾರದೋ ಕೈ ಎನ್ನುವಂತೆ ನೋಡುತ್ತಿದ್ದ.

ವಾರದೊಳಗೆ ಅವನು ಮತ್ತೆ ಬಂದ. ಶಿವಕುಮಾರಿಗೆ ಎಲ್ಲ ಹೇಳಬೇಕು, ನೀವೂ ಜೊತೆಗೆ ಬರ್ರಿ ಎಂದ. ಹೇಳುವುದು ಬೇಡ ಎಂದು ನಾನು ಹೇಳಿ ನೋಡಿದೆ. ಅವಳು ಆ ಮಾತಿನ ಮೇಲೆ ಇಷ್ಟು ವರ್ಷ ನಿಂತಿದ್ದಾಳೆ ಎಂದೆ. "ಅದಕ್ಕಽ ಹೇಳಬೇಕ್ರಿ. ನಾ ಕೊಟ್ಟ ಮಾತು ಅದು," ಎಂದ.

ಶಿವಕುಮಾರಿ ಕ್ಯಾಂಟೀನಿನಿಂದ ಬಂದು ಕೈಕಾಲು ತೊಳೆದು ಕೂತಿದ್ದಳು. ಅವನು ಹೊಸ್ತಿಲ ಒಳಗೇ ಕುಕ್ಕರುಗಾಲಲ್ಲಿ ಕೂತು, ನೆಲ ನೋಡುತ್ತ ಹೇಳಿ ಮುಗಿಸಿದ. ಅವಳು ಅಳಲಿಲ್ಲ. ಸೆರಗಿನ ತುದಿಯಿಂದ ಬೆರಳಿನ ಸಂದುಗಳ ಹಿಟ್ಟು ಒರೆಸಿಕೊಳ್ಳುತ್ತಿದ್ದಳು, ಹಿಟ್ಟು ಆಗಲೇ ಹೋಗಿತ್ತು.

"ಸಮುದ್ರ ಜಗ್ಗಿದ್ರ ಹೆಂಗ ಇರತೈತಿ, ಮನಷ್ಯಾ ಜಗ್ಗಿದ್ರ ಹೆಂಗ ಇರತೈತಿ, ನಿನಗ ತಿಳಿಯೂದಿಲ್ಲೇನಣ್ಣಾ?" ಎಂದು ಕೇಳಿದಳು.

"ಅವತ್ತ ತಿಳದಿತ್ತವ್ವ. ಈಗ ತಿಳಿವಲ್ದು."

"ಈಗೂ ಬರತೈತಿ ಅಂತ ದಾನವ್ವ ಹೇಳ್ಯಾಳ. ಖರೇ ಏನು?"

ಅವನು ಹೌದೆಂದು ತಲೆಯಾಡಿಸಿದ.

"ಹಂಗಾರ ಬರೂ ಅಮಾಸಿಗಿ ಸಮುದ್ರಕ್ಕ ಹೋಗೂಣು. ಹಗ್ಗ ಬಿಟ್ಟು ನೋಡೂಣು. ನಾನೂ ಹಿಡೀತೀನಿ."

ಗೋದಿಯ ಗೇಟಿಗೂ ತೆರೆದ ಸಮುದ್ರಕ್ಕೂ ಹೋಲಿಕೆಯಿಲ್ಲ, ಅಲ್ಲಿ ಒಂದು ಕಡೆ ನೀರಿರಲಿಲ್ಲ, ಇಲ್ಲಿ ಎಲ್ಲ ಕಡೆ ನೀರು, ಇದರಿಂದ ಏನೂ ಸಾಬೀತಾಗುವುದಿಲ್ಲ ಎಂದು ನಾನು ಹೇಳಿದೆ. ಶಿವಕುಮಾರಿ ನನ್ನನ್ನು ಗೌರವದಿಂದಲೇ ನೋಡಿದಳು. "ನೀವೂ ಬರ್ರಿ ಅಕ್ಕೋರ," ಎಂದಳು.

ಅಮಾವಾಸ್ಯೆಯ ದಿನ ಇಬ್ಬರೂ ರಜೆ ಹಾಕಿದರು. ಕುರ್ಲಾದಲ್ಲಿ ಗಾಡಿ ಬದಲಿಸಿ ಶಿವಡಿಯಲ್ಲಿ ಇಳಿದು, ಲಾರಿಗಳ ಧೂಳಿನಲ್ಲಿ ಜೆಟ್ಟಿಯವರೆಗೆ ನಡೆದೆವು. ದೂರದಲ್ಲಿ ಹೊಸ ಸೇತುವೆ ಮಂಜಿನಲ್ಲಿ ಅರ್ಧಕ್ಕೆ ಮಾಯವಾಗಿತ್ತು. ಬೆಳಿಗ್ಗೆ ಕೆಸರಾಗಿದ್ದ ಜಾಗವನ್ನೆಲ್ಲ ನೀರು ಮುಚ್ಚಿ ಕಟ್ಟೆಯ ಕಲ್ಲು ಹತ್ತುತ್ತಿತ್ತು. ಚಂದ್ರಾಮ ಹೊಸ ಹಗ್ಗ ತಂದಿದ್ದ. ಅಲ್ಲೇ ಬಿದ್ದಿದ್ದ ಒಂದು ಕಾಂಕ್ರೀಟಿನ ತುಂಡಿಗೆ ಅದನ್ನು ಕಟ್ಟಿ, ಗಂಟನ್ನು ಎರಡೆರಡು ಸಲ ಎಳೆದು ನೋಡಿ, ಮನುಷ್ಯನನ್ನು ಇಳಿಸುವಷ್ಟು ಮೆತ್ತಗೆ ನೀರಿಗೆ ಇಳಿಸಿದ. ತಳ ಮುಟ್ಟಿತು. ಹಗ್ಗವನ್ನು ಬಿಗಿಯೂ ಅಲ್ಲದೆ ಸಡಿಲವೂ ಅಲ್ಲದೆ ಹಿಡಿದು ನಿಂತ. ಅವನನ್ನು ಆ ನಿಲುವಿನಲ್ಲಿ ನಾನು ಮೊದಲ ಸಲ ನೋಡಿದೆ. ಕತ್ತು ಸ್ವಲ್ಪ ವಾಲಿತ್ತು, ಕಣ್ಣು ಯಾವುದನ್ನೂ ನೋಡುತ್ತಿರಲಿಲ್ಲ.

ಶಿವಕುಮಾರಿ ಅವನ ಮುಖ ನೋಡದೆ, ಕಟ್ಟೆಯ ಅಂಚಿನಲ್ಲಿ ಕೂತು ಹಗ್ಗ ನೀರಿಗೆ ಹೊಗುವ ಜಾಗವನ್ನೇ ನೋಡುತ್ತಿದ್ದಳು.

ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಚಂದ್ರಾಮ "ಬಂತು" ಎಂದ. ಹೇಳುತ್ತಲೇ ಅವನ ಮಣಿಕಟ್ಟು ಒಮ್ಮೆ ಹಿಂದಕ್ಕೆ ಜಗ್ಗಿತು.

"ಹಗ್ಗ ಅಳ್ಳಾಡಲಿಲ್ಲಣ್ಣಾ," ಎಂದಳು ಅವಳು. "ನೀ ಬಂತು ಅಂದ ಮ್ಯಾಲ ಅಳ್ಳಾಡಿತು. ನೀ ಜಗ್ಗಿದ್ದಕ್ಕ."

ಅವನು ಹಗ್ಗವನ್ನು ಮತ್ತೆ ಹದವಾಗಿ ಹಿಡಿದ. ಇನ್ನೊಮ್ಮೆಯೂ ಹಾಗೆಯೇ ಆಯಿತು. ಈ ಸಲ ನಾನೂ ಹಗ್ಗವನ್ನೇ ನೋಡುತ್ತಿದ್ದೆ. ಅದು ನೀರಿನೊಂದಿಗೆ ತೂಗುತ್ತಿತ್ತು, ಅಷ್ಟೇ.

ಅವಳು ಎದ್ದು ಹಗ್ಗ ಇಸಿದುಕೊಂಡಳು. ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿ ನಿಂತಳು. ಅವಳ ತುಟಿ ಅಲುಗಿದ್ದನ್ನು ಕಂಡೆ. ಗಂಡನ ಹೆಸರು ಹೇಳಿದಳೋ ದೇವರದ್ದೋ ಗೊತ್ತಿಲ್ಲ. ಒಮ್ಮೆ ಜಗ್ಗಿದಳು. ಕಾದಳು. ಬಹಳ ಹೊತ್ತು ಕಾದಳು. "ಬರೇ ನೀರು," ಎಂದು ಕಣ್ಣು ತೆರೆದಳು. ಆಮೇಲೆ ಅವನ ಕಡೆ ತಿರುಗಿದಳು. "ನೀ ಯಾಕ ತಿರಗಿ ಜಗ್ಗತಿ?"

"ಅಂವ ಜಗ್ಗಿದ ಮ್ಯಾಲ ನಾ ಕೇಳಬೇಕಲ್ಲವ್ವ. ಸುಮ್ಮ ಹೆಂಗ ಇರಲಿ?"

"ಮನಿಯಾಗೂ ಹಿಂಗಽ ಮಾಡ್ತೀಯೇನು?"

ಟವೆಲಿನೊಳಗೆ ಅವನ ಕೈ ಏನು ಮಾಡುತ್ತಿತ್ತೆಂದು ನನಗೆ ಆಗ ತಿಳಿಯಿತು. ಪ್ರತಿ ಅಮಾವಾಸ್ಯೆ, ಉಬ್ಬರ ಏರುವಷ್ಟು ಹೊತ್ತು, ಅವನು ಕೇಳುತ್ತಿದ್ದ, ಅದು ಹೇಳುತ್ತಿತ್ತು, ಅವನು ಮತ್ತೆ ಕೇಳುತ್ತಿದ್ದ. ದಾನೇಶ್ವರಿಗೂ ಇದು ಗೊತ್ತಿರಲಿಲ್ಲ.

ಶಿವಕುಮಾರಿ ಮೆಲುದನಿಯಲ್ಲೇ ಮಾತಾಡಿದಳು. "ನೀ ಆರಾಮ ಅದೀಯೇನು ಅಂತೀದಿ. ಅಂವ ಆರಾಮ ಅದೀನಿ ಅಂತಾನ. ನೀ ಮತ್ತ ಕೇಳ್ತೀದಿ. ಹಿಂಗ ಆದ್ರ ಅಂವ ಅಲ್ಲಿಂದ ಯಾವಾಗ ಹೋಗಬೇಕಣ್ಣಾ? ಇನ್ನ ಜವಾಬ ಕೊಡಬ್ಯಾಡ. ಬಂದ್ರೂ ಕೊಡಬ್ಯಾಡ."

ಅವನು ಕಟ್ಟೆಯ ಮೇಲೆ ಕೂತುಬಿಟ್ಟ. ಅವಳೇ ಕಾಂಕ್ರೀಟಿನ ತುಂಡನ್ನು ಮೇಲೆಳೆದು, ಗಂಟು ಬಿಚ್ಚಿ, ಒದ್ದೆ ಹಗ್ಗವನ್ನು ಸುರುಳಿ ಸುತ್ತಿ ಚೀಲಕ್ಕೆ ಹಾಕಿದಳು. ಹೊಸ ಹಗ್ಗ, ಅರಿವೆ ಒಣಗಿಸಲು ಆಗುತ್ತದೆ ಎಂದಳು. ಕುರ್ಲಾ ಸ್ಟೇಷನ್ನಿನ ಮೆಟ್ಟಿಲಲ್ಲಿ ಅವನು ನನ್ನ ಹತ್ತಿರ ಬಂದು, "ಅಂವ ಹೋಗಿಲ್ಲ ಅಂತ ಅಕಿಗೂ ಅನಸ್ತೈತ್ರಿ," ಎಂದ.

ಮುಂದಿನ ಅಮಾವಾಸ್ಯೆಯಂದು ದಾನೇಶ್ವರಿ ಕೆಲಸಕ್ಕೆ ಹೋಗದೆ ಅವನ ಪಕ್ಕದಲ್ಲಿ ಕೂತಳು. ಬಲಗೈಯನ್ನು ತನ್ನ ಎರಡು ಕೈಯ ನಡುವೆ ಇಟ್ಟುಕೊಂಡಳು. ಮಧ್ಯಾಹ್ನದ ಹೊತ್ತಿಗೆ ಅವನ ಹಣೆಯಲ್ಲಿ ಬೆವರು ಬಂತಂತೆ, ಬೆರಳುಗಳು ಮಡಚಿಕೊಳ್ಳಲು ಹೊರಟವಂತೆ, ಅವಳು ಬಿಡಿಸಿ ಬಿಡಿಸಿ ಹಿಡಿದಳಂತೆ. ಹೊತ್ತು ಇಳಿಯುವವರೆಗೆ ಹಾಗೆಯೇ ಕೂತಿದ್ದರು. ಮರುದಿನ ನಾನು ಹೋದಾಗ ಅವನು ಜ್ವರ ಬಂದವನಂತೆ ಮಲಗಿದ್ದ. ನನ್ನನ್ನು ನೋಡಿ ಎದ್ದು ಕೂತ.

"ಜವಾಬ ಕೊಡಲಿಲ್ರಿ ಅಕ್ಕೋರ," ಎಂದ. "ಒಂದಾದಮ್ಯಾಲ ಒಂದು ಬಂದ್ವು. ಮೊದಲೆಂದೂ ಹಂಗ ಬಂದಿರಲಿಲ್ಲ. ಮ್ಯಾಲ ಯಾರೂ ಇಲ್ಲಂತ ಅಂವ ಹೆದರಿರಬೇಕು."

ದಾನೇಶ್ವರಿ ಒಲೆಯ ಕಡೆ ತಿರುಗಿ ನಿಂತಳು.

ತಿಂಗಳುಗಳು ಹೋದ ಹಾಗೆ ಅದು ಸಣ್ಣದಾಯಿತು ಎನ್ನುತ್ತಾನೆ. ನಿಂತಿಲ್ಲ. ಒಮ್ಮೊಮ್ಮೆ ಬರುತ್ತದೆ, ಒಮ್ಮೊಮ್ಮೆ ಬರುವುದಿಲ್ಲ. ಬಾರದ ದಿನ ಅವನು ಊಟ ಸರಿಯಾಗಿ ಮಾಡುವುದಿಲ್ಲ ಎಂದು ದಾನೇಶ್ವರಿ ಹೇಳುತ್ತಾಳೆ. ಶಿವಕುಮಾರಿ ಈಗ ಗಂಡನ ಕೊನೆಯ ಹೊತ್ತಿನ ಮಾತು ಯಾರಿಗೂ ಹೇಳುವುದಿಲ್ಲ. ಕೇಳಿದರೆ, "ಗೋದಿಯಾಗ ತೀರಿಕೊಂಡ್ರು," ಎಂದಷ್ಟೇ ಹೇಳಿ ಕೆಲಸಕ್ಕೆ ತೊಡಗುತ್ತಾಳೆ. ಚಂದ್ರಾಮನ ಮನೆಗೆ ಮೊದಲಿನ ಹಾಗೆಯೇ ಬಂದು ಹೋಗುತ್ತಾಳೆ.

ಕಳೆದ ಗಣೇಶನ ಹಬ್ಬದಲ್ಲಿ ಚಂದ್ರಾಮನ ಮನೆಯಲ್ಲಿ ಈಶ್ವರ ಸಿಕ್ಕಿದ್ದ. ತಲೆ ಪೂರ್ತಿ ನೆರೆತಿದೆ. ಆ ಘಟನೆಯ ವಿಚಾರಣೆಯ ನಂತರ ಆ ಗೋದಿಯಲ್ಲಿ ಕ್ರಮ ಬದಲಾಗಿದೆಯಂತೆ. ಈಗ ಗೇಟಿನ ಬುಡಕ್ಕೆ ಯಾರನ್ನೇ ಇಳಿಸುವುದಿದ್ದರೂ ಮೊದಲು ಒಳಗೆ ನೀರು ತುಂಬಿಸುತ್ತಾರೆ. ಗೇಟಿನ ಎರಡೂ ಕಡೆ ಒಂದೊಂದು ನಳಿ ಇಳಿಸಿ, ಎರಡು ಗೇಜುಗಳನ್ನು ಒಂದೇ ಹಲಗೆಯ ಮೇಲೆ ಕೂರಿಸಿದ್ದಾರೆ. ಎರಡು ಮುಳ್ಳೂ ಒಂದೇ ಅಂಕಿ ತೋರಿಸದೆ ಡೈವರ್ ನೀರು ಮುಟ್ಟುವಂತಿಲ್ಲ. ಆ ಹಲಗೆಯ ಮುಂದೆ ನಿಲ್ಲಲು ಈಶ್ವರನೇ ಹೋಗಿ ಚಂದ್ರಾಮನನ್ನು ಕರೆದಿದ್ದನಂತೆ. ಹಗ್ಗ ಮುಟ್ಟುವುದಿಲ್ಲ ಎಂಬ ಮಾತಿನ ಮೇಲೆ ಅವನು ಒಪ್ಪಿದ್ದ. ದಾದರಿನ ಕೆಲಸ ಬಿಟ್ಟು ಒಂದು ವರ್ಷವಾಗುತ್ತ ಬಂತು.

ಕೆಲಸ ಹೇಗೆ ಮಾಡುತ್ತಾನೆ ಎಂದು ಈಶ್ವರನನ್ನು ಕೇಳಿದೆ. ಚೊಲೊ ಮಾಡುತ್ತಾನೆ ಎಂದ. ಆಮೇಲೆ ಚಂದ್ರಾಮ ಹೊರಗೆ ಹೋದದ್ದನ್ನು ನೋಡಿಕೊಂಡು ಹೇಳಿದ, "ಮುಳ್ಳು ಸಮ ಆದ ಮ್ಯಾಲೂ ಒಂದೀಟು ಹೊತ್ತು ಡೈವರಗ ಇಳ್ಯಾಕ ಬಿಡೂದಿಲ್ರಿ. ಸಾಬ ಬಂದು ಒದರ್ಯಾಡಿದ್ರೂ ಬಿಡೂದಿಲ್ಲ. ನೀರಿನ ಕಡೆ ನೋಡ್ಕೋತ ನಿಂದರತಾನ."

"ನೀವು ಏನು ಮಾಡುತ್ತೀರಿ?"

"ನಾ ಡೈವರಗ, ಚಂದ್ರಾಮ ಹೂಂ ಅನ್ನೂತನಕ ಕುಂದ್ರು ಅಂತೀನ್ರಿ," ಎಂದ ಈಶ್ವರ. "ನಾನೂ ಕುಂದರತೀನಿ."